400 ಮಿಮೀಗೆ ಎರಡು ದಾರಿ: ಯಾವುದರ ಆಟೊಫೋಕಸ್ ನಂಬಬಹುದು?

ಹಕ್ಕಿ ಫೋಟೊಗೆ 200 ಮಿಮೀ ಲೆನ್ಸ್ ಸಾಲದು; ಈ ಅಂಕಿ ದೊಡ್ಡದಾದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ. 70-200 ಎಫ್/2.8 ಝೂಮ್ (ಎಫ್ ಪಕ್ಕದ ಅಂಕಿ ಚಿಕ್ಕದಾದಷ್ಟೂ ಒಳಗೆ ಬರುವ ಬೆಳಕು ಜಾಸ್ತಿ) ಇಟ್ಟುಕೊಂಡವರಿಗೆ ಇದು ಬೇಗ ಗೊತ್ತಾಗುತ್ತದೆ. ಆಗ ಎರಡು ದಾರಿ ಕಾಣುತ್ತವೆ. ಅದೇ ಲೆನ್ಸಿಗೆ 2ಎಕ್ಸ್ ಟೆಲಿಕನ್ವರ್ಟರ್, ಅಂದರೆ ಕ್ಯಾಮೆರಾಗೂ ಲೆನ್ಸಿಗೂ ನಡುವೆ ಕೂರಿಸುವ, ಚಿತ್ರವನ್ನು ಎರಡು ಪಟ್ಟು ಹಿಗ್ಗಿಸುವ ಗಾಜಿನ ತುಂಡು, ಹಾಕಿ 400 ಮಾಡಿಕೊಳ್ಳಬಹುದು, ಇಲ್ಲವೇ 100-400 ಎಫ್/4.5-5.6 ತೆಗೆದುಕೊಳ್ಳಬಹುದು. ಕನ್ವರ್ಟರ್ ಎರಡು ಸ್ಟಾಪ್, ಅಂದರೆ ನಾಲ್ಕರಲ್ಲಿ ಮೂರು ಪಾಲು ಬೆಳಕು ತಿನ್ನುವುದರಿಂದ 400ರಲ್ಲಿ ಎರಡೂ ಎಫ್/5.6ಕ್ಕೇ ಬಂದು ನಿಲ್ಲುತ್ತವೆ. ಹಾಗಿದ್ದ ಮೇಲೆ ಆಟೊಫೋಕಸ್ ಕೂಡ ಒಂದೇ ಥರ ಇರಬೇಕಲ್ವಾ? ಒಂದೇ ಮಿರರ್‌ಲೆಸ್ ಬಾಡಿಗೆ ಎರಡನ್ನೂ ಬದಲಿಸಿ ಹಾಕಿಕೊಂಡು ಕೆಲವು ವಾರ ನೋಡಿದೆ.

ಸುಮ್ನೆ ಕೂತ ಹಕ್ಕಿಯ ವಿಷಯದಲ್ಲಿ ಹೇಳುವಂಥದ್ದೇನಿಲ್ಲ. ಬೆಳಕು ಚೆನ್ನಾಗಿದ್ದರೆ ಎರಡೂ ಸಲೀಸಾಗಿ ಲಾಕ್ ಆಗುತ್ತವೆ.

ಹಾರಿದಾಗಲೇ ವ್ಯತ್ಯಾಸ ತಿಳಿಯುವುದು. ನೀರಿನಂಚಿನಲ್ಲಿ ನಿಂತಿದ್ದ ಒಂದು ಬೆಳ್ಳಕ್ಕಿ ನನ್ನ ಕಡೆಗೇ ಎದ್ದಿತು, ಅದರ ಹಿಂದೆ ಜೊಂಡು. ಕನ್ವರ್ಟರ್ ಹಾಕಿದ್ದ 70-200ರಲ್ಲಿ ಮೊದಲ ಮೂರು ಫ್ರೇಮ್ ಶಾರ್ಪ್. ನಾಲ್ಕನೆಯದರಲ್ಲಿ ಫೋಕಸ್ ಜೊಂಡಿಗೆ ಜಾರಿತು. ಅಲ್ಲಿಂದ ಲೆನ್ಸ್ ಹತ್ತಿರದ ತುದಿವರೆಗೆ ಹೋಗಿ, ಮತ್ತೆ ದೂರಕ್ಕೆ ಬಂದು ಹುಡುಕುವಷ್ಟರಲ್ಲಿ ಹಕ್ಕಿ ಫ್ರೇಮಿನಿಂದಲೇ ಆಚೆ. 100-400 ಕೂಡ ಇಂಥ ಕಡೆ ಜೊಂಡಿಗೆ ಜಾರಿದ್ದುಂಟು. ಆದರೆ ಒಂದೆರಡು ಫ್ರೇಮಿನಲ್ಲೇ ಹಕ್ಕಿಯ ಕಣ್ಣಿಗೆ ವಾಪಸ್ ಬರುತ್ತಿತ್ತು. ಮೊದಲ ಸಲ ಎಷ್ಟು ಬೇಗ ಲಾಕ್ ಆಗುತ್ತದೆ ಅಂತಲೇ ಎಲ್ಲರೂ ಕೇಳುತ್ತಾರೆ. ತಪ್ಪಿದ ಮೇಲೆ ಎಷ್ಟು ಬೇಗ ವಾಪಸ್ ಬರುತ್ತದೆ ಅನ್ನುವುದು ನನಗೆ ಅದಕ್ಕಿಂತ ಮುಖ್ಯ.

ಇದಕ್ಕೆ ಕಾರಣವಿದೆ. ಕನ್ವರ್ಟರ್ ಚಿತ್ರವನ್ನು ಹಿಗ್ಗಿಸುವಾಗ ಫೋಕಸಿನ ತಪ್ಪನ್ನೂ ಹಿಗ್ಗಿಸುತ್ತದೆ. ಒಳಗಿನ ಗಾಜು ಚೂರು ಸರಿದರೂ ಸೆನ್ಸರ್ ಮೇಲೆ ಅದು ದೊಡ್ಡ ವ್ಯತ್ಯಾಸ. ಹಾಗಾಗಿ ಮೋಟಾರ್ ನಿಧಾನವಾಗಿ, ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಓಡಬೇಕಾಗುತ್ತದೆ. ಜೊತೆಗೆ ಮೋಟಾರುಗಳೂ ಬೇರೆ. ನನ್ನ 70-200ರಲ್ಲಿರುವುದು ರಿಂಗ್ ಥರದ ಅಲ್ಟ್ರಾಸಾನಿಕ್ ಮೋಟಾರ್. ಭಾರದ ಗಾಜನ್ನು ಒಂದೇ ಓಟಕ್ಕೆ ತಳ್ಳಿ ನಿಲ್ಲಿಸಲು ಅದು ಗಟ್ಟಿಗ. 100-400ರ ಲೀನಿಯರ್ ಮೋಟಾರ್ ಕ್ಷಣಕ್ಷಣಕ್ಕೂ ಹಿಂದೆ ಮುಂದೆ ಸರಿದು ಸರಿಪಡಿಸಿಕೊಳ್ಳುತ್ತದೆ. ಹಾರುವ ಹಕ್ಕಿಗೆ ಬೇಕಾದ್ದು ಅದೇ. ವಿಡಿಯೊ ತೆಗೆಯುವಾಗ ಸದ್ದೂ ಕೇಳಿಸಲಿಲ್ಲ.

ಕನ್ವರ್ಟರ್ ಇರುವವರು ಒಂದು ಕೆಲಸ ಖಂಡಿತ ಮಾಡಿ. ಲೆನ್ಸಿನ ಪಕ್ಕದಲ್ಲಿ ಫೋಕಸ್ ಲಿಮಿಟರ್ ಸ್ವಿಚ್ ಇದ್ದರೆ ದೂರದ ಕಡೆಗೆ ಹಾಕಿಡಿ. ಹತ್ತಿರದ ತುದಿಗೆ ಹೋಗಿ ಬರುವ ಆ ಓಡಾಟ ತಪ್ಪುತ್ತದೆ. ನನಗೆ ಇದರಿಂದ ಸಿಕ್ಕ ಶಾರ್ಪ್ ಫ್ರೇಮ್‌ಗಳು ಎಷ್ಟೋ ಜಾಸ್ತಿ.

ಇನ್ನು ಕತ್ತಲು. ಮಬ್ಬು ದೀಪದ ಸಭಾಂಗಣದಲ್ಲಿ ಕನ್ವರ್ಟರ್ ತೆಗೆದು ಬರೀ 70-200 ಹಿಡಿದೆ, ಲೆಕ್ಕವೇ ತಲೆಕೆಳಗಾಯಿತು. ಎಫ್/5.6ಕ್ಕೆ ಹೋಲಿಸಿದರೆ ಎಫ್/2.8ರಲ್ಲಿ ಒಳಗೆ ಬರುವ ಬೆಳಕು 4 ಪಟ್ಟು. ವೇದಿಕೆಯ ಮೇಲೆ ಕಪ್ಪು ಕೋಟು ಹಾಕಿದವರೊಬ್ಬರು ಪಕ್ಕಕ್ಕೆ ತಿರುಗಿ ನಿಂತಿದ್ದರು. 100-400 ಆ ಕಪ್ಪು ಬಟ್ಟೆಯ ಮೇಲೆ ಹಿಡಿತ ಸಿಗದೆ ತಡಕಾಡಿತು. ಫೋಕಸ್ ಪಾಯಿಂಟನ್ನು ಬಿಳಿ ಕಾಲರಿನ ಅಂಚಿಗೆ ತಂದ ಮೇಲೇ ಹಿಡಿದದ್ದು. 70-200ಕ್ಕೆ ಕೋಟಿನ ಮಡಿಕೆಯೇ ಸಾಕಾಯಿತು.

ಬೆಳಗಿನ ಹಕ್ಕಿಗೆ ಈಗ 100-400 ಒಯ್ಯುತ್ತೇನೆ. ಒಳಾಂಗಣಕ್ಕೆ, ಸಂಜೆಗೆ 70-200 ಒಂದೇ ಸಾಕು. ಕನ್ವರ್ಟರನ್ನೂ ಕೊಟ್ಟುಬಿಟ್ಟಿಲ್ಲ. ಹುಣ್ಣಿಮೆಗೆ ಎರಡು ದಿನ ಮುಂಚೆ ಟ್ರೈಪಾಡ್ ಮೇಲೆ 70-200ಕ್ಕೆ ಅದನ್ನು ಹಾಕಿ, ಆಟೊಫೋಕಸ್ ಆಫ್ ಮಾಡಿ, ಚಂದ್ರನ ಕುಳಿಗಳ ಅಂಚು ಚುರುಕಾಗುವವರೆಗೆ ರಿಂಗ್ ತಿರುಗಿಸುತ್ತೇನೆ.