ಪ್ಯಾಲಟಿನೋ ಜಾಗದಲ್ಲಿ ಪಜೆಲ್ಲಾ

ಕನ್ನಡ ಶಾಸನಗಳನ್ನು ಕುರಿತ ಇಂಗ್ಲಿಷ್ ಗ್ರಂಥವೊಂದರ ಎರಡನೆಯ ಆವೃತ್ತಿಯನ್ನು, ಟೆಕ್ ಎಂಬ ಪುಟವಿನ್ಯಾಸ ತಂತ್ರಾಂಶವನ್ನು ಆಧರಿಸಿದ ಲೇಟೆಕ್‌ನಲ್ಲಿ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮೊದಲ ಆವೃತ್ತಿ ಪ್ಯಾಲಟಿನೋ ಎಂಬ ಫಾಂಟಿನಲ್ಲಿ ಅಚ್ಚಾಗಿತ್ತು. ಆ ಫಾಂಟಿನ ಪರವಾನಗಿ ನಮ್ಮಲ್ಲಿರಲಿಲ್ಲ, ಆದರೂ ಪುಟದ ಚಹರೆ ಬದಲಾಗಬಾರದೆಂಬುದು ಲೇಖಕರ ಅಪೇಕ್ಷೆಯಾಗಿತ್ತು. ಹಾಗಾಗಿ ನಾನು ಆರಿಸಿಕೊಂಡದ್ದು ಟೆಕ್ ಜೈರ್ ಪಜೆಲ್ಲಾ ಎಂಬ ಮುಕ್ತ ಫಾಂಟನ್ನು.

ಜರ್ಮನ್ ಅಕ್ಷರ ವಿನ್ಯಾಸಕ ಹರ್ಮನ್ ಝಾಫ್ 1950ರ ಸುಮಾರಿಗೆ ರೂಪಿಸಿದ ಪ್ಯಾಲಟಿನೋವನ್ನು ಅನುಸರಿಸಿ ಯುಆರ್‌ಡಬ್ಲ್ಯು ಸಂಸ್ಥೆ ತಯಾರಿಸಿದ ಪಲ್ಲಾಡಿಯೋ ಎಂಬ ಮುಕ್ತ ಫಾಂಟನ್ನು ಪೋಲೆಂಡಿನ ಟೆಕ್ ಬಳಕೆದಾರರ ಬಳಗ ವಿಸ್ತರಿಸಿದ್ದೇ ಪಜೆಲ್ಲಾ. ಮೂಲದ ಅಕ್ಷರಗಳ ಅಗಲವನ್ನೇ ಇದು ಉಳಿಸಿಕೊಂಡಿರುವುದರಿಂದ ಹಳೆಯ ಪುಟಗಳ ಸಾಲುಗಳು ಬಹುಮಟ್ಟಿಗೆ ಅದೇ ಪದಗಳಲ್ಲಿ ಮುರಿದವು. ದೊಡ್ಡ 'ಪಿ' ಅಕ್ಷರದ ಹೊಟ್ಟೆ ಪೂರ್ತಿ ಮುಚ್ಚದೆ ಕೊಂಚ ತೆರೆದಿರುವ ಆ ಪರಿಚಿತ ಗುರುತೂ ಹಾಗೆಯೇ ಇದೆ.

ಆದರೆ ನನ್ನ ಮೆಚ್ಚುಗೆಗೆ ಮುಖ್ಯ ಕಾರಣ ಬೇರೆಯೇ ಇದೆ. ಶಾಸನಪಾಠವನ್ನು ರೋಮನ್ ಲಿಪಿಗೆ ಇಳಿಸುವಾಗ ಟ, ಡ, ಣ, ಳ, ಷಗಳಿಗೆ ಅಕ್ಷರದಡಿ ಚುಕ್ಕೆ ಬೇಕು, ದೀರ್ಘಸ್ವರಕ್ಕೆ ಮೇಲೆ ಅಡ್ಡಗೆರೆ ಬೇಕು. ಇಂಥ ಅಕ್ಷರಗಳಿಲ್ಲದ ಫಾಂಟಿನಲ್ಲಿ ಅವು ಬೇರೊಂದು ಫಾಂಟಿನಿಂದ ಎರವಲು ಬಂದು, ಒಂದೇ ಹೆಸರಿನೊಳಗೆ ಒಂದಕ್ಷರ ದಪ್ಪ, ಇನ್ನೊಂದು ತೆಳು ಎಂಬಂತೆ ಕಣ್ಣಿಗೆ ಚುಚ್ಚುತ್ತವೆ. ಪಜೆಲ್ಲಾದಲ್ಲಿ ಇವೆಲ್ಲ ಒಂದೇ ಕೈಬರಹದಂತೆ ಕೂಡಿವೆ. ರಾಜರ ಆಳ್ವಿಕೆಯ ವರ್ಷಗಳಿಗೆ ಹಳೆಯ ಶೈಲಿಯ ಅಂಕಿಗಳನ್ನೂ, ಕೋಷ್ಟಕಗಳಿಗೆ ಸಮ ಅಗಲದ ಅಂಕಿಗಳನ್ನೂ ಇದೊಂದರಲ್ಲೇ ಪಡೆಯಬಹುದು.

ಕನ್ನಡ ಉದ್ಧರಣೆಗಳಿಗೆ ನೋಟೋ ಸೆರಿಫ್ ಕನ್ನಡ ಎಂಬ ಫಾಂಟನ್ನು ಜೊತೆಗಿಟ್ಟೆ. ಲೇಟೆಕ್‌ನ ಒಂದು ಬಗೆಯಾದ ಲುವಾಲೇಟೆಕ್ ಬಳಸುವವರು ಕನ್ನಡ ಫಾಂಟಿಗೆ, ಅಕ್ಷರಗಳನ್ನು ಕೂಡಿಸಿ ಜೋಡಿಸುವ ಹಾರ್ಫ್‌ಬಝ್ ರೆಂಡರರನ್ನು ತಪ್ಪದೆ ಸೂಚಿಸಬೇಕು. ಇಲ್ಲವಾದರೆ ಒತ್ತಕ್ಷರಗಳು ಸರಿಯಾಗಿ ಕೂಡುತ್ತವೆಂಬ ಭರವಸೆಯಿಲ್ಲ. ರೋಮನ್ ಅಕ್ಷರಗಳ ಪಕ್ಕದಲ್ಲಿ ಕನ್ನಡ ದೊಡ್ಡದಾಗಿ ಕಂಡದ್ದರಿಂದ ಅದನ್ನು 0.9ರಷ್ಟಕ್ಕೆ ಇಳಿಸಿದೆ. ಈ ಅಳತೆಯನ್ನು ಪರದೆಯ ಮೇಲಲ್ಲ, ಅಚ್ಚಿನ ಹಾಳೆಯ ಮೇಲೆಯೇ ನೋಡಿ ನಿರ್ಧರಿಸಬೇಕು. ಪ್ಯಾಲಟಿನೋ ವಂಶದ ಅಕ್ಷರಗಳಿಗೆ ಸಾಲಿನಂತರವನ್ನು ಸಾಮಾನ್ಯದ 1.05ರಷ್ಟಕ್ಕೆ ಏರಿಸುವುದು ರೂಢಿ. 'ಸ್ತ್ರೀ', 'ರಾಷ್ಟ್ರ'ದಂಥ ಪದಗಳು ಕೆಳಗಿನ ಸಾಲಿಗೆ ತಾಗುವುದರಿಂದ ಕನ್ನಡ ಬೆರೆತ ಪುಟಗಳಿಗೆ ನಾನು 1.15 ಇಟ್ಟೆ.

ಕೊರತೆಗಳೂ ಇವೆ. ನೇರ, ಓರೆ, ದಪ್ಪ, ದಪ್ಪ ಓರೆ ಎಂಬ ನಾಲ್ಕೇ ರೂಪಗಳು. ರಷ್ಯನ್ ಲಿಪಿ ಇಲ್ಲ. ಅಡಿಟಿಪ್ಪಣಿಯ ಸಣ್ಣ ಗಾತ್ರಕ್ಕೆಂದೇ ಬರೆದ ಅಕ್ಷರಗಳಿಲ್ಲದ ಕಾರಣ 8 ಪಾಯಿಂಟಿನಲ್ಲಿ ಗೆರೆಗಳು ಸೊರಗಿದಂತೆ ಕಾಣುತ್ತವೆ. ಅಡಿಟಿಪ್ಪಣಿಗಳೇ ಅರ್ಧ ಪುಟ ತುಂಬುವ ನಮ್ಮ ಗ್ರಂಥದಲ್ಲಿ ಅವನ್ನು 9 ಪಾಯಿಂಟಿಗೆ ಏರಿಸಿ, ಹೆಚ್ಚಿದ ಪುಟಗಳನ್ನು ಒಪ್ಪಿಕೊಳ್ಳಬೇಕಾಯಿತು.