ಒಬಿಡಿ ಡಾಂಗಲ್ ಎರಡು ವರ್ಷ ಬಳಸಿದ ಮೇಲೆ: ‘ಕ್ಲಿಯರ್’ ಒತ್ತುವ ಮುಂಚೆ ಓದಿ

ಮೊದಲೇ ಹೇಳಿಬಿಡುತ್ತೇನೆ, ಇದು ಅಗ್ಗದ ಡಾಂಗಲ್. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ನೀಲಿ ಪ್ಲಾಸ್ಟಿಕ್, ಒಳಗೆ ಬ್ಲೂಟೂತ್. ಕಾರಿನ ಒಬಿಡಿ (ತನ್ನ ದೋಷ ತಾನೇ ಪತ್ತೆಹಚ್ಚುವ ವ್ಯವಸ್ಥೆ) ಸಾಕೆಟ್‌ಗೆ ಚುಚ್ಚಿದರೆ ದೋಷದ ಕೋಡ್‌ಗಳನ್ನು ಫೋನ್‌ನ ಆಪ್‌ನಲ್ಲಿ ತೋರಿಸುತ್ತದೆ, ಅಳಿಸಲೂ ಬರುತ್ತದೆ. ಬಾಕ್ಸ್ ಮೇಲೆ ಏನೇನು ಬರೆದಿದ್ದಾರೆ ಅಂತ ನೀವೂ ನೋಡಿರುತ್ತೀರಿ, ಅದನ್ನೆಲ್ಲ ಮತ್ತೆ ಬರೆಯುವುದಿಲ್ಲ. ಎರಡು ವರ್ಷಕ್ಕೂ ಮೇಲೆ ಬಳಸಿ ನನಗೆ ಗೊತ್ತಾಗಿದ್ದು ಇಷ್ಟು: ಇದರಲ್ಲಿ ತುಂಬಾ ಉಪಯೋಗಕ್ಕೆ ಬರುವ ಪುಟವನ್ನು ಯಾರೂ ತೆರೆದು ನೋಡುವುದಿಲ್ಲ, ಮುಟ್ಟಬಾರದ ಬಟನ್ ಅನ್ನು ಎಲ್ಲರೂ ಮೊದಲು ಒತ್ತುತ್ತಾರೆ. ಪುಟದ ಹೆಸರು ಫ್ರೀಜ್ ಫ್ರೇಮ್. ಬಟನ್ ಹೆಸರು ಕ್ಲಿಯರ್.

ನಾನು ಇದನ್ನು ತಗೊಂಡಿದ್ದು ಸಿಟ್ಟಿನಲ್ಲಿ. ಡ್ಯಾಶ್‌ಬೋರ್ಡ್ ಮೇಲೆ ಹಳದಿ ಇಂಜಿನ್ ಲೈಟ್ ಬಂದಿತ್ತು. ಕಾರು ಚೆನ್ನಾಗೇ ಓಡುತ್ತಿತ್ತು, ಪಿಕಪ್ ಕಮ್ಮಿ ಆಗಿರಲಿಲ್ಲ, ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಸ್ವಲ್ಪ ನಡುಗುತ್ತಿತ್ತು. ಸರ್ವಿಸ್ ಸೆಂಟರ್‌ಗೆ ಕೊಟ್ಟೆ. ಅಲ್ಲಿನ ಹುಡುಗ ಟ್ಯಾಬ್ ತಂದು, ಸ್ಟೀರಿಂಗ್ ಕೆಳಗೆ ಕೇಬಲ್ ಚುಚ್ಚಿ, ಏನೋ ಒತ್ತಿದ. ಲೈಟ್ ಹೋಯಿತು. ‘ಸೆನ್ಸರ್ ಎರರ್ ಸಾರ್, ಕ್ಲಿಯರ್ ಮಾಡಿದೀನಿ’ ಅಂದ. ಯಾವ ಸೆನ್ಸರ್ ಅಂತ ಕೇಳಿದರೆ, ‘ಅದೇ ಸಾರ್, ಇಂಜಿನ್‌ದು.’ ಬಿಲ್‌ನಲ್ಲಿ ಸ್ಕ್ಯಾನಿಂಗ್ ಚಾರ್ಜ್ ಅಂತ ಒಂದು ಸಾಲು ಬಂತು. ಸ್ವಲ್ಪ ದಿನಕ್ಕೆ ಲೈಟ್ ಮತ್ತೆ ಹಾಜರ್. ಎರಡನೇ ಸಲ ಹೋದಾಗ ಅಡ್ವೈಸರ್ ಹೇಳಿದ್ದು, ಆಕ್ಸಿಜನ್ ಸೆನ್ಸರ್ ಬದಲಾಯಿಸಬೇಕು ಅಂತ. ಅದರ ರೇಟ್ ಕೇಳಿ, ಯೋಚನೆ ಮಾಡಿ ಹೇಳ್ತೀನಿ ಅಂತ ಎದ್ದು ಬಂದೆ. ಅವತ್ತೇ ಡಾಂಗಲ್ ಆರ್ಡರ್ ಮಾಡಿದ್ದು.

ಸಾಕೆಟ್ ಹುಡುಕುವುದು ಕಷ್ಟವಲ್ಲ. ಸಾಮಾನ್ಯವಾಗಿ ಡ್ರೈವರ್ ಕಡೆ, ಡ್ಯಾಶ್‌ಬೋರ್ಡ್‌ನ ಅಡಿಯಲ್ಲಿ, 16 ಪಿನ್‌ನದು. ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ, ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ ಇದು ಕಡ್ಡಾಯ. ಉಳಿದ ದೇಶಗಳಲ್ಲಿ ಒಂದೊಂದು ಕಡೆ ಒಂದೊಂದು ವರ್ಷ. ತುಂಬಾ ಹಳೆಯ ಕಾರಾದರೆ ತಗೊಳ್ಳುವ ಮುಂಚೆ ಬಗ್ಗಿ ನೋಡಿ. ಕೆಲವು ಹಳೆಯ ಕಾರುಗಳಲ್ಲಿ ಸಾಕೆಟ್ ಇದ್ದರೂ ಡಾಂಗಲ್ ಜೊತೆ ಮಾತಾಡುವುದಿಲ್ಲ.

ಚುಚ್ಚಿದೆ, ಆಪ್ ತೆರೆದೆ. ಕೋಡ್ ಬಂತು: ಪಿ0171. ಸಿಸ್ಟಂ ಟೂ ಲೀನ್, ಬ್ಯಾಂಕ್ 1. ಅಂದರೆ ಇಂಜಿನ್‌ಗೆ ಹೋಗುವ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಸಾಲುತ್ತಿಲ್ಲ. ಇದನ್ನು ಕಂಡುಹಿಡಿದು ದೂರು ಕೊಟ್ಟಿದ್ದು ಆಕ್ಸಿಜನ್ ಸೆನ್ಸರ್. ದೂರು ಕೊಟ್ಟವನನ್ನೇ ಬದಲಾಯಿಸಿ ಅಂತ ಸರ್ವಿಸ್ ಸೆಂಟರ್ ಹೇಳಿತ್ತು! ಕೋಡ್ ಅನ್ನುವುದು ಲಕ್ಷಣದ ಹೆಸರು ಅಷ್ಟೇ. ಯಾವ ಪಾರ್ಟ್ ಬದಲಾಯಿಸಬೇಕು ಅಂತ ಅದು ಹೇಳುವುದಿಲ್ಲ. ಆದರೂ ಆಪ್ ಕೆಳಗಡೆ ‘ಸಂಭವನೀಯ ಕಾರಣಗಳು’ ಅಂತ ಉದ್ದ ಪಟ್ಟಿ ಕೊಡುತ್ತದೆ, ಅದರಲ್ಲಿ ಇಂಜಿನ್‌ನ ಅರ್ಧ ಸಾಮಾನು ಇರುತ್ತದೆ. ಆ ಪಟ್ಟಿ ಹಿಡಿದುಕೊಂಡು ಯಾರೂ ಪಾರ್ಟ್ಸ್ ಅಂಗಡಿಗೆ ಹೋಗಬೇಡಿ.

ಈಗ ಫ್ರೀಜ್ ಫ್ರೇಮ್ ವಿಷಯಕ್ಕೆ ಬರೋಣ. ಕೋಡ್ ಬಿದ್ದ ಕ್ಷಣದಲ್ಲಿ ಕಾರು ಏನು ಮಾಡುತ್ತಿತ್ತು ಅನ್ನುವುದನ್ನು ಇಸಿಯು (ಇಂಜಿನ್‌ನ ಕಂಪ್ಯೂಟರ್) ಬರೆದಿಟ್ಟುಕೊಳ್ಳುತ್ತದೆ. ನನ್ನ ಆಪ್‌ನಲ್ಲಿ ಇದು ಮೂರು ಮೆನು ದಾಟಿ ಒಳಗಿದೆ. ತೆರೆದರೆ ಒಣ ಪಟ್ಟಿ: ಸ್ಪೀಡ್ 0. ಆರ್‌ಪಿಎಂ 740. ಕೂಲಂಟ್ 91 ಡಿಗ್ರಿ. ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ ಪ್ಲಸ್ 22 ಚಿಲ್ಲರೆ. ಅಷ್ಟೇ. ಆದರೆ ಎಷ್ಟು ವಿಷಯ ಇದೆ ನೋಡಿ. ಇಂಜಿನ್ ಬಿಸಿಯಾಗಿತ್ತು. ಕಾರು ನಿಂತಿತ್ತು, ಇಂಜಿನ್ ಐಡಲಿಂಗ್‌ನಲ್ಲಿತ್ತು. ಆ ಹೊತ್ತಿಗೆ ಇಸಿಯು ತನ್ನ ಲೆಕ್ಕಕ್ಕಿಂತ ಶೇ 22ರಷ್ಟು ಜಾಸ್ತಿ ಪೆಟ್ರೋಲ್ ಸುರಿಯುತ್ತಿತ್ತು. ಸಾಮಾನ್ಯವಾಗಿ ಈ ಟ್ರಿಮ್, ಅಂದರೆ ಪೆಟ್ರೋಲ್ ಲೆಕ್ಕದ ತಿದ್ದುಪಡಿ, ಪ್ಲಸ್ ಅಥವಾ ಮೈನಸ್ 10ರ ಒಳಗಿದ್ದರೆ ತಲೆ ಕೆಡಿಸಿಕೊಳ್ಳುವುದು ಬೇಡ. 20 ದಾಟಿದರೆ ಏನೋ ಇದೆ.

ಲೈವ್ ಡೇಟಾದಲ್ಲೂ ನೋಡಿದೆ. ನಿಂತಲ್ಲೇ ಆಕ್ಸಿಲರೇಟರ್ ಸ್ವಲ್ಪ ಒತ್ತಿ 2500 ಆರ್‌ಪಿಎಂನಲ್ಲಿ ಹಿಡಿದರೆ ಟ್ರಿಮ್ ನಿಧಾನಕ್ಕೆ ಇಳಿಯುತ್ತಾ 6-7ಕ್ಕೆ ಬಂತು. ಕಾಲು ತೆಗೆದರೆ ಮತ್ತೆ 20ರ ಮೇಲೆ. ಎಲ್ಲೋ ಬಿರುಕಿನಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತಿದ್ದರೆ ಹೀಗಾಗುತ್ತದೆ. ಐಡಲಿಂಗ್‌ನಲ್ಲಿ ಇಂಜಿನ್ ಎಳೆಯುವ ಒಟ್ಟು ಗಾಳಿಯೇ ಕಡಿಮೆ, ಹಾಗಾಗಿ ಬಿರುಕಿನ ಪಾಲು ದೊಡ್ಡದು. ಥ್ರಾಟಲ್ ತೆರೆದಾಗ ಒಟ್ಟು ಗಾಳಿ ಜಾಸ್ತಿ, ಬಿರುಕಿನ ಪಾಲು ಲೆಕ್ಕಕ್ಕೇ ಬರುವುದಿಲ್ಲ. ಇದರ ಉಲ್ಟಾ, ಅಂದರೆ ಐಡಲಿಂಗ್‌ನಲ್ಲಿ ಸರಿ ಇದ್ದು ಲೋಡ್ ಬಿದ್ದಾಗ ಟ್ರಿಮ್ ಏರಿದರೆ, ಪೆಟ್ರೋಲ್ ಪಂಪ್, ಫಿಲ್ಟರ್ ಅಥವಾ ಕೊಳೆಯಾದ ಏರ್‌ಫ್ಲೋ ಸೆನ್ಸರ್ ಕಡೆ ನೋಡಬೇಕು. ಸರ್ವಿಸ್ ಸೆಂಟರ್‌ನವರು ಈ ಪುಟ ನೋಡಿದ್ದರೆ ಅವರಿಗೂ ಇದು ಗೊತ್ತಾಗುತ್ತಿತ್ತು. ಆದರೆ ಕ್ಲಿಯರ್ ಒತ್ತಿದ ತಕ್ಷಣ ಕೋಡ್ ಜೊತೆ ಫ್ರೀಜ್ ಫ್ರೇಮ್ ಕೂಡ ಅಳಿಸಿಹೋಗುತ್ತದೆ, ಅಲ್ವಾ? ಮೊದಲ ಸಲ ಅವರು ಅಳಿಸಿದ್ದು ಅದನ್ನೇ.

ಸ್ಕ್ರೀನ್‌ಶಾಟ್ ತಗೊಂಡು ಬೇರೆ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಸ್ಕ್ರೀನ್ ಮೇಲೆ ಒಂದು ಸಲ ಕಣ್ಣಾಡಿಸಿ, ಬಾನೆಟ್ ಎತ್ತಿ, ಇಂಜಿನ್ ಓಡುತ್ತಿರುವಾಗಲೇ ರಬ್ಬರ್ ಹೋಸ್‌ಗಳನ್ನು ಒಂದೊಂದಾಗಿ ಬೆರಳಲ್ಲಿ ಒತ್ತುತ್ತಾ ಹೋದರು. ಇಂಜಿನ್ ಕವರ್ ಹಿಂದೆ ಒಂದು ತೆಳ್ಳನೆ ಬ್ರೀದರ್ ಹೋಸ್. ಅದನ್ನು ಒತ್ತಿದ ಕೂಡಲೇ ನಡುಕ ನಿಂತಿತು. ಬಿಟ್ಟರೆ ಮತ್ತೆ ನಡುಕ. ತೆಗೆದು ತೋರಿಸಿದರು: ಬಾಗಿದ ಜಾಗದಲ್ಲಿ, ಮೇಲಿಂದ ಕಾಣದ ಹಾಗೆ ಅಡಿಯಲ್ಲಿ, ಉಗುರಿನಷ್ಟು ಉದ್ದದ ಸೀಳು. ರಬ್ಬರ್ ಬಿಸಿಗೆ ಗಟ್ಟಿಯಾಗಿ, ಬಗ್ಗಿಸಿದರೆ ಬಾಯಿ ಬಿಡುತ್ತಿತ್ತು. ಹೋಸ್ ಬದಲಾಯಿಸಿದ ಮೇಲೆ ಕ್ಲಿಯರ್ ಒತ್ತಿದೆ. ಆಮೇಲೆ ಆ ಲೈಟ್ ಬಂದಿಲ್ಲ. ಆಕ್ಸಿಜನ್ ಸೆನ್ಸರ್ ಇವತ್ತಿಗೂ ಹಳೆಯದೇ.

ಇಲ್ಲಿಗೆ ನಿಲ್ಲಿಸಿದ್ದರೆ 5ಕ್ಕೆ 5 ಸ್ಟಾರ್ ಕೊಡುತ್ತಿದ್ದೆ. ಇನ್ನೊಂದು ಸಂತೋಷವೂ ಇದೆ, ಅದು ದಿನದ್ದು. ಬೆಳಿಗ್ಗೆ ಕೀ ಆನ್ ಮಾಡಿ, ಸ್ಟಾರ್ಟ್ ಮಾಡದೆ, ಮೊದಲು ವೋಲ್ಟೇಜ್ ನೋಡುತ್ತೇನೆ. 12.5 ಆಸುಪಾಸು ಇದ್ದರೆ ಬ್ಯಾಟರಿ ಆರಾಮ. ಸ್ಟಾರ್ಟ್ ಮಾಡುವಾಗ ಒಂದು ಕ್ಷಣ 10ರ ಹತ್ತಿರ ಕುಸಿದು, ಇಂಜಿನ್ ಹತ್ತಿದ ಮೇಲೆ 14ಕ್ಕೆ ಏರುತ್ತದೆ. ಆಮೇಲೆ ಕೂಲಂಟ್. ನನ್ನ ಕಾರಿನಲ್ಲಿ ಟೆಂಪರೇಚರ್ ಮುಳ್ಳೇ ಇಲ್ಲ, ತಣ್ಣಗಿದ್ದರೆ ನೀಲಿ ಲೈಟ್, ಕುದಿಯುವಾಗ ಕೆಂಪು ಲೈಟ್, ನಡುವೆ ಏನೂ ಇಲ್ಲ. ಮುಳ್ಳು ಇರುವ ಎಷ್ಟೋ ಕಾರುಗಳಲ್ಲೂ ಅದು 80ರಿಂದ 100 ದಾಟುವವರೆಗೂ ಸುಮ್ನೆ ನಡುವಲ್ಲೇ ನಿಂತಿರುತ್ತದೆ. ಡಾಂಗಲ್ ಇದ್ದರೆ ನಿಜವಾದ ಅಂಕಿ ಕಾಣುತ್ತದೆ. ಟ್ರಾಫಿಕ್‌ನಲ್ಲಿ ನಿಂತಾಗ 95, 97, 98 ಅಂತ ಏರುತ್ತಾ ಹೋಗುತ್ತದೆ. ಇನ್ನೇನು 100 ಅನ್ನುವಷ್ಟರಲ್ಲಿ ಮುಂದೆ ಫ್ಯಾನ್ ಗುರ್ ಅಂತ ಶುರುವಾಗುತ್ತದೆ. ಮತ್ತೆ 93ಕ್ಕೆ ಇಳಿಕೆ, ಫ್ಯಾನ್ ಬಂದ್. ಇದನ್ನು ನೋಡುತ್ತಾ ಸಿಗ್ನಲ್ ಹಸಿರಾಗಿದ್ದೇ ಗೊತ್ತಾಗದೆ ಹಿಂದಿನವರು ಹಾರ್ನ್ ಹೊಡೆದದ್ದುಂಟು.

ಹೀಗೆ ಖುಷಿಯಲ್ಲಿದ್ದಾಗ ಏರ್‌ಬ್ಯಾಗ್ ಲೈಟ್ ಬಂತು. ಡಾಂಗಲ್ ಹಾಕಿದೆ. ‘ಯಾವುದೇ ದೋಷವಿಲ್ಲ’ ಅಂತ ಹಸಿರು ಟಿಕ್. ಎದುರಿಗೆ ಕೆಂಪು ಲೈಟ್ ಉರಿಯುತ್ತಿದೆ, ಫೋನ್‌ನಲ್ಲಿ ಹಸಿರು ಟಿಕ್! ನನಗೆ ಈ ವಸ್ತುವಿನ ಮೇಲೆ ಬೇಸರ ಶುರುವಾಗಿದ್ದು ಇಲ್ಲಿಂದ. ಕಾನೂನು ಕೇಳುವುದು ಹೊಗೆಗೆ ಸಂಬಂಧಪಟ್ಟ ಕೋಡ್‌ಗಳನ್ನು ಮಾತ್ರ, ಅವು ಹೆಚ್ಚಾಗಿ ಪಿ ಅಕ್ಷರದಿಂದ ಶುರುವಾಗುವ ಇಂಜಿನ್ ಮತ್ತು ಗೇರ್‌ಬಾಕ್ಸ್ ಕೋಡ್‌ಗಳು. ಏರ್‌ಬ್ಯಾಗ್, ಎಬಿಎಸ್, ಪವರ್ ಸ್ಟೀರಿಂಗ್ ಇವೆಲ್ಲ ಬೇರೆ ಮಾಡ್ಯೂಲ್‌ಗಳು. ಒಂದೊಂದು ಕಂಪನಿಯದು ಒಂದೊಂದು ಭಾಷೆ. ಸಾಮಾನ್ಯ ಆಪ್‌ಗೆ ಅವುಗಳ ಹತ್ತಿರ ಮಾತಾಡಲು ಬರುವುದಿಲ್ಲ. ಬರುವುದಿಲ್ಲ ಅಂತ ಹೇಳಿದರೆ ತಪ್ಪೇನೂ ಇರಲಿಲ್ಲ. ‘ದೋಷವಿಲ್ಲ’ ಅನ್ನುವುದು ಸುಳ್ಳು. ಏರ್‌ಬ್ಯಾಗ್ ಲೈಟ್ ಉರಿಯುತ್ತಿದ್ದರೆ ಅಪಘಾತವಾದಾಗ ಬ್ಯಾಗ್ ಬಿಚ್ಚದೇ ಹೋಗಬಹುದು. ಅಂಥ ಕಡೆ ಹಸಿರು ಟಿಕ್ ತೋರಿಸುವುದು ಎಂಥ ಬುದ್ಧಿ?

ಸರ್ವಿಸ್ ರಿಮೈಂಡರ್ ಕೂಡ ಹಾಗೇ. ಆ ಸ್ಪ್ಯಾನರ್ ಚಿತ್ರ ತೋರಿಸುವ ಲೈಟ್ ಎಷ್ಟೋ ಕಾರುಗಳಲ್ಲಿ ಯಾವ ಸೆನ್ಸರ್‌ನಿಂದಲೂ ಬರುವುದಿಲ್ಲ. ಕಿಲೋಮೀಟರ್ ಮತ್ತು ದಿನ ಎಣಿಸುವ ಕೌಂಟರ್ ಅಷ್ಟೇ. ಆಯಿಲ್ ಬದಲಾಯಿಸಿದ ಮೇಲೆ ಯಾರಾದರೂ ರೀಸೆಟ್ ಮಾಡಬೇಕು. ಬಹಳ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಮೆನುವಿನಲ್ಲೇ, ಅಥವಾ ಟ್ರಿಪ್ ಬಟನ್ ಒತ್ತಿ ಹಿಡಿದು ಕೀ ಆನ್ ಮಾಡಿದರೆ ಆಗುತ್ತದೆ. ಮ್ಯಾನ್ಯುಯಲ್ ನೋಡಿ. ಡಾಂಗಲ್ ಬೇಕಾಗಿಲ್ಲ, ಇದ್ದರೂ ಕೆಲಸಕ್ಕೆ ಬರುವುದಿಲ್ಲ. ಟೈರ್ ಪ್ರೆಶರ್ ಲೈಟ್‌ಗೂ ಗೇಜ್ ಹಿಡಿದು ಗಾಳಿ ನೋಡಿಸುವುದೇ ಸರಿ.

ಇನ್ನು ಡಾಂಗಲ್‌ನ ಸ್ವಂತ ಸುಳ್ಳು. ಇದು ತನ್ನನ್ನು ಇಎಲ್‌ಎಂ327 (ಕಾರಿನ ಜೊತೆ ಮಾತಾಡುವ ಚಿಪ್), ವರ್ಷನ್ 2.1 ಅಂತ ಪರಿಚಯ ಮಾಡಿಕೊಳ್ಳುತ್ತದೆ. ಅಸಲಿ ಚಿಪ್ ಮಾಡುತ್ತಿದ್ದದ್ದು ಕೆನಡಾದ ಇಎಲ್‌ಎಂ ಎಲೆಕ್ಟ್ರಾನಿಕ್ಸ್, ಅದು 2022ರಲ್ಲಿ ಬಾಗಿಲು ಹಾಕಿತು. ಅಂಗಡಿಯಲ್ಲಿ ಸಿಗುವ ಅಗ್ಗದವು ಹೆಚ್ಚುಕಮ್ಮಿ ಎಲ್ಲ ನಕಲು. ಕೆಲವು ನಕಲುಗಳು 1.5 ಅಂತ ಹೇಳಿಕೊಳ್ಳುತ್ತವೆ, ಅಸಲಿ ಕಂಪನಿ 1.5 ಅಂತ ಬಿಡುಗಡೆ ಮಾಡಿದ್ದೇ ಇಲ್ಲ. ನನ್ನದು ಕೋಡ್ ಓದುವುದರಲ್ಲಿ ಮೋಸ ಮಾಡಿಲ್ಲ. ಆದರೆ ಒಟ್ಟಿಗೆ ನಾಲ್ಕೈದು ರೀಡಿಂಗ್ ಕೇಳಿದರೆ ತಡವರಿಸುತ್ತದೆ, ಆಗಾಗ ಕನೆಕ್ಷನ್ ಕಡಿದುಕೊಳ್ಳುತ್ತದೆ. ಎರಡು ರೀಡಿಂಗ್ ಸಾಕು ಅನ್ನುವವರಿಗೆ ತೊಂದರೆ ಇಲ್ಲ.

ಬ್ಯಾಟರಿ ವಿಷಯ ಇದಕ್ಕಿಂತ ಮುಖ್ಯ. ಆ ಸಾಕೆಟ್‌ನ 16ನೇ ಪಿನ್‌ಗೆ ಬ್ಯಾಟರಿ ಕರೆಂಟ್ ಕೀ ತೆಗೆದರೂ ಬರುತ್ತಲೇ ಇರುತ್ತದೆ. ನನ್ನ ಡಾಂಗಲ್‌ನ ಕೆಂಪು ದೀಪ ಕಾರು ಲಾಕ್ ಮಾಡಿದ ಮೇಲೂ ಉರಿಯುತ್ತಿರುತ್ತದೆ. ದಿನಾ ಓಡುವ ಕಾರಿಗೆ ಇದು ಏನೂ ಅಲ್ಲ. ವಾರಗಟ್ಟಲೆ ನಿಲ್ಲಿಸುವ ಕಾರಿಗೆ, ಅದೂ ಬ್ಯಾಟರಿ ಹಳೆಯದಾಗಿದ್ದರೆ, ಸ್ಟಾರ್ಟ್ ಆಗದ ಬೆಳಿಗ್ಗೆ ಗ್ಯಾರಂಟಿ. ಜೊತೆಗೆ ಇದರ ಬ್ಲೂಟೂತ್ ಪಿನ್ 1234, ಬದಲಾಯಿಸಲು ಜಾಗವೇ ಇಲ್ಲ. ಅಷ್ಟಲ್ಲದೆ ಕ್ಲಚ್ ಒತ್ತುವಾಗ ಮೊಣಕಾಲಿಗೆ ತಾಗುತ್ತದೆ. ನಾನು ಒಂದು ಚಿಕ್ಕ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಪಕ್ಕಕ್ಕೆ ತಿರುಗಿಸಿದ್ದೇನೆ, ಇಳಿಯುವಾಗ ಕಿತ್ತು ಡೋರ್ ಪಾಕೆಟ್‌ಗೆ ಹಾಕುತ್ತೇನೆ.

ಸೆಕೆಂಡ್ ಹ್ಯಾಂಡ್ ಕಾರು ನೋಡುವವರು ಮಾತ್ರ ಇಷ್ಟೆಲ್ಲ ಬೈಗುಳ ಮರೆತು ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಕೋಡ್ ಇದೆಯಾ ಅಂತ ನೋಡುವುದು ದಂಡ, ಮಾರುವವರು ಅಳಿಸಿಯೇ ತಂದಿರಬಹುದು. ‘ರೆಡಿನೆಸ್ ಮಾನಿಟರ್’ ಪುಟ ನೋಡಿ, ಕಾರು ತನ್ನ ಸ್ವಂತ ಪರೀಕ್ಷೆಗಳನ್ನು ಮುಗಿಸಿದೆಯಾ ಅಂತ ಅದು ಹೇಳುತ್ತದೆ. ಕ್ಲಿಯರ್ ಒತ್ತಿದರೆ ಕ್ಯಾಟಲಿಸ್ಟ್ (ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್), ಆಕ್ಸಿಜನ್ ಸೆನ್ಸರ್, ಇವಾಪ್ (ಪೆಟ್ರೋಲ್ ಆವಿ ಹೊರಹೋಗದಂತೆ ತಡೆಯುವ ವ್ಯವಸ್ಥೆ) ಪರೀಕ್ಷೆಗಳೆಲ್ಲ ‘ಇನ್‌ಕಂಪ್ಲೀಟ್’ ಆಗುತ್ತವೆ. ಅವು ಮತ್ತೆ ಪೂರ್ತಿಯಾಗಲು ಕೆಲವು ದಿನ ತರಹೇವಾರಿ ಓಡಾಟ ಬೇಕು. ಎಷ್ಟೋ ಕಾರುಗಳು ಕೋಡ್ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಅಂತಲೂ ಹೇಳುತ್ತವೆ. ಅಲ್ಲಿ 8 ಕಿಲೋಮೀಟರ್ ಅಂತ ಕಂಡರೆ, ‘ಬ್ಯಾಟರಿ ಹೊಸದು ಹಾಕಿಸಿದ್ವಿ’ ಅನ್ನುವ ಉತ್ತರ ಬರುತ್ತದೆ. ನಿಜವೂ ಇರಬಹುದು, ಬ್ಯಾಟರಿ ತೆಗೆದರೂ ಅಳಿಸಿಹೋಗುವುದುಂಟು. ಬಿಲ್ ತೋರಿಸಿ ಅನ್ನಿ. ಇಲ್ಲವಾದರೆ ಒಂದು ವಾರ ಓಡಿಸಿ, ಆಮೇಲೆ ಮತ್ತೆ ಬರ್ತೀನಿ ಅನ್ನಿ.

ಒಂದು ಎಚ್ಚರಿಕೆ: ಇಂಜಿನ್ ಲೈಟ್ ಸುಮ್ಮನೆ ಉರಿಯುತ್ತಿದ್ದರೆ ಡಾಂಗಲ್ ಹುಡುಕಲು ಪುರುಸೊತ್ತು ಇದೆ. ಮಿಣುಕುತ್ತಿದ್ದರೆ ಇಲ್ಲ. ಅದು ಮಿಸ್‌ಫೈರ್, ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನೇ ಸುಡುತ್ತದೆ. ಪಕ್ಕಕ್ಕೆ ಹಾಕಿ, ಫೋನ್ ಮಾಡಿ.

ಯಾರಿಗೆ ಇದು ಬೇಕು? ಕಾರು ವಾರಂಟಿಯಲ್ಲಿದ್ದು, ಬಾನೆಟ್ ಎತ್ತುವುದೇ ಇಲ್ಲ ಅನ್ನುವವರಿಗೆ ಬೇಡ. ನನ್ನ ಹಾಗೆ ಹಳೆಯ ಕಾರನ್ನೇ ಇನ್ನೂ ಕೆಲವು ವರ್ಷ ಎಳೆಯಬೇಕು, ಪ್ರತಿ ಲೈಟ್‌ಗೂ ಸರ್ವಿಸ್ ಸೆಂಟರ್ ಬಿಲ್ ಕಟ್ಟಲು ಆಗುವುದಿಲ್ಲ ಅನ್ನುವವರಿಗೆ ಒಂದೇ ಸಲದಲ್ಲಿ ದುಡ್ಡು ವಾಪಸ್. ನನ್ನ ಲೆಕ್ಕದಲ್ಲಿ 5ಕ್ಕೆ 3 ಸ್ಟಾರ್. ತಗೊಳ್ಳುವುದಾದರೆ ಆನ್-ಆಫ್ ಸ್ವಿಚ್ ಇರುವುದನ್ನೇ ತಗೊಳ್ಳಿ, ಸ್ವಲ್ಪವೇ ರೇಟ್ ಜಾಸ್ತಿ. ಐಫೋನ್ ಇರುವವರು ಹಳೆಯ ಬ್ಲೂಟೂತ್‌ನದು ತಗೊಂಡರೆ ಕನೆಕ್ಟ್ ಆಗುವುದಿಲ್ಲ, ಬಿಎಲ್‌ಇ (ಕಮ್ಮಿ ಕರೆಂಟಿನ ಹೊಸ ಬಗೆಯ ಬ್ಲೂಟೂತ್) ಅಥವಾ ವೈಫೈ ಇರುವುದು ನೋಡಿ.