ಟೈರಿಗೆ ಗಾಳಿ ತುಂಬುವ ಯಂತ್ರ: ಊರು ಬದಲಿಸಿದ ಆರು ದಿನ, ಆಮೇಲಿನ ಒಂದು ವರ್ಷ

ಮನೆ ಖಾಲಿ ಮಾಡಿ ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಕಾರಿನಲ್ಲೇ ಹೊರಡುವುದೆಂದು ತೀರ್ಮಾನವಾದಾಗ ಈ ಯಂತ್ರವನ್ನು ಕೊಂಡೆ. ಕೈಯಲ್ಲಿದ್ದ ಹಣದ ಬಹುಪಾಲು ಸಾಮಾನಿನ ಲಾರಿಗೇ ಹೋಗಿತ್ತು. ಹಾಗಾಗಿ ಬ್ಯಾಟರಿ ಇರುವ ಚಂದದ ಮಾದರಿಗಳ ಗೊಡವೆಗೆ ಹೋಗದೆ, ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಸಿಕ್ಕಿಸುವ ಅಗ್ಗದ್ದನ್ನು ಆರಿಸಿದೆ. ತೂಕ, ಅಳತೆಗಳೆಲ್ಲ ಡಬ್ಬದ ಮೇಲೆಯೇ ಇವೆ, ಅವನ್ನು ಇಲ್ಲಿ ಬರೆಯುವುದಿಲ್ಲ.

ಮೊದಲು ಬೇಸರದ ವಿಷಯವನ್ನೇ ಹೇಳಿಬಿಡುತ್ತೇನೆ. ಗಾಳಿಯ ಕೊಳವೆಯ ತುದಿಗೆ ತಿರುಪಿನ ಹಿತ್ತಾಳೆ ಮೂತಿ ಇದೆ. ಕೂರಿಸುವಾಗ ಏನೂ ತೊಂದರೆಯಿಲ್ಲ. ಬಿಚ್ಚಲು ಮಾತ್ರ ಐದಾರು ಸುತ್ತು ತಿರುಗಿಸಬೇಕು. ವಾಲ್ವಿನೊಳಗಿನ ಕಡ್ಡಿಯನ್ನು ಮೂತಿ ಒತ್ತಿಕೊಂಡೇ ಇರುವುದರಿಂದ ಅಷ್ಟು ಹೊತ್ತೂ ಗಾಳಿ ಬುಸ್ಸೆಂದು ಹೊರಗೆ ಹೋಗುತ್ತದೆ. ಮೊದಲ ದಿನ 36 ಪಿಎಸ್ಐಗೆ ತುಂಬಿ, ಬಿಚ್ಚಿ, ಬೇರೊಂದು ಮಾಪಕದಲ್ಲಿ ನೋಡಿದರೆ 34.5! ಇದರ ಜೊತೆಗೆ, ತುಂಬುತ್ತಿರುವಾಗ ಪರದೆಯ ಅಂಕಿ ನಿಜಕ್ಕಿಂತ ತುಸು ಮೇಲೆಯೇ ಇರುತ್ತದೆ. ಅದು ಕೊಳವೆಯೊಳಗಿನ ಒತ್ತಡ. ಯಂತ್ರ ನಿಂತ ಮೇಲಷ್ಟೇ ಟೈರಿನ ಅಂಕಿ ಕಾಣುತ್ತದೆ. ನಾಲ್ಕೈದು ನಿಮಿಷ ಓಡಿಸಿದರೆ ಮೂತಿ ಬರಿಗೈಯಲ್ಲಿ ಮುಟ್ಟಲಾಗದಷ್ಟು ಕಾಯುತ್ತದೆ. ಹಳೆಯ ಕರವಸ್ತ್ರವನ್ನು ಸುತ್ತಿ ಹಿಡಿದು ತಿರುಗಿಸುವಾಗ ಕೈ ನಿಧಾನವಾಗುತ್ತದೆ, ಗಾಳಿ ಇನ್ನಷ್ಟು ಹೋಗುತ್ತದೆ. ಇಷ್ಟನ್ನು ಲಕ್ಷ್ಯವಿಟ್ಟು ಮಾಡಲು ತಯಾರಕರಿಗೆ ಏನು ಕಷ್ಟವಿತ್ತೋ! ಮೊದಲೆರಡು ದಿನ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು.

ಸದ್ದಿನ ಬಗ್ಗೆಯೂ ಹೇಳಬೇಕು. ಬೆಳಗಿನ ಐದೂವರೆಗೆ ತಂಗುದಾಣದ ಅಂಗಳದಲ್ಲಿ ಇದನ್ನು ಚಾಲೂ ಮಾಡಿದರೆ ಸಾಲು ಕೋಣೆಗಳ ಕಿಟಕಿಗಳಲ್ಲಿ ಒಂದೊಂದಾಗಿ ದೀಪ ಹೊತ್ತಿಕೊಳ್ಳುತ್ತದೆ. ಅದಕ್ಕೇ ಅಳೆಯುವುದನ್ನು ಅಂಗಳದಲ್ಲಿ ಮುಗಿಸಿ, ಗಾಳಿ ತುಂಬುವುದಿದ್ದರೆ ಕಾರನ್ನು ರಸ್ತೆಯಂಚಿನವರೆಗೆ ಮೆಲ್ಲಗೆ ತಂದು ತುಂಬುತ್ತಿದ್ದೆ. ಅಷ್ಟು ದೂರಕ್ಕೆ ಟೈರು ಬಿಸಿಯಾಗುವುದಿಲ್ಲ.

ಬೆಳಗ್ಗೆಯೇ ಏಕೆಂದರೆ, ಟೈರಿನ ಗಾಳಿಯನ್ನು ಅದು ತಣ್ಣಗಿದ್ದಾಗಲೇ ಅಳೆಯಬೇಕು. ಓಡಿ ಬಂದ ಟೈರು ನಾಲ್ಕೈದು ಪಿಎಸ್ಐ ಹೆಚ್ಚು ತೋರಿಸಬಹುದು. ಅದನ್ನು ನೋಡಿ ಗಾಳಿ ಬಿಟ್ಟರೆ ಮರುದಿನ ಕಡಿಮೆ ಗಾಳಿಯಲ್ಲಿ ಓಡಿಸಿದಂತಾಗುತ್ತದೆ. ಎಷ್ಟಿರಬೇಕು ಎನ್ನುವುದು ಚಾಲಕರ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿರುತ್ತದೆ. ನಮ್ಮ ಕಾರಿಗೆ ಮಾಮೂಲಿಯಾಗಿ 32; ತುಂಬು ಹೊರೆಯಿದ್ದರೆ ಮುಂದೆ 33, ಹಿಂದೆ 36. ಲಾರಿಗೆ ಹಾಕಲು ಮನಸ್ಸು ಬಾರದ ಪುಸ್ತಕ, ಪಾತ್ರೆ, ಹೊಲಿಗೆ ಯಂತ್ರಗಳನ್ನೆಲ್ಲ ಡಿಕ್ಕಿಯಲ್ಲಿ ತುಂಬಿದ್ದ ನಮಗೆ ಆ ಎರಡನೆಯ ಸಾಲೇ ಅನ್ವಯ.

ನಮ್ಮ ಮನೆಯವರು ಹೊಸ ಕೆಲಸಕ್ಕೆ ಆಗಲೇ ಸೇರಿಕೊಂಡಿದ್ದರು. ಕಾರಿನಲ್ಲಿದ್ದವರು ನಾನು ಮತ್ತು ಒಂಬತ್ತು ವರ್ಷದ ಮಗಳು. ಬೆಳಗಿನ ಕೆಲಸವನ್ನು ಇಬ್ಬರೂ ಹಂಚಿಕೊಂಡೆವು. ವಾಲ್ವಿನ ಮುಚ್ಚಳಗಳನ್ನು ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಳ್ಳುವುದು, ಟಾರ್ಚ್ ಹಿಡಿಯುವುದು, ನಾನು ಕೂಗಿದ ಅಂಕಿಯನ್ನು ಚಿಕ್ಕ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುವುದು ಅವಳ ಪಾಲು. ಬಾನೆಟ್ ಮೇಲೆ ಇಬ್ಬನಿ ಕೂತಿರುತ್ತಿತ್ತು. ಅವಳು ಅದರ ಮೇಲೆಯೇ ಪುಸ್ತಕವಿಟ್ಟು ಬರೆಯುತ್ತಿದ್ದಳು; ಎರಡನೆಯ ದಿನದ ಪುಟ ಇವತ್ತಿಗೂ ಉಬ್ಬಿಕೊಂಡಿದೆ. ಮನೆ, ಶಾಲೆ, ಗೆಳತಿಯರು ಎಲ್ಲವೂ ಹಿಂದೆ ಉಳಿದಿದ್ದ ಆ ದಿನಗಳಲ್ಲಿ ಪ್ರತಿ ಬೆಳಗ್ಗೆ ತಪ್ಪದೆ ನಡೆಯುತ್ತಿದ್ದದ್ದು ಇದೊಂದೇ. ನಾನು ಏಳುವುದು ತಡವಾದರೆ ಅವಳೇ ಬಂದು ಎಬ್ಬಿಸುತ್ತಿದ್ದಳು.

ಮೂರನೆಯ ಬೆಳಗ್ಗೆ ನಾಲ್ಕೂ ಟೈರುಗಳಲ್ಲಿ ಎರಡೆರಡು ಪಿಎಸ್ಐ ಇಳಿದಿತ್ತು. ಗಾಬರಿಯಾಯಿತು. ಯೋಚಿಸಿದಾಗ ಅರ್ಥವಾಯಿತು: ಸೆಕೆಯ ನಾಡನ್ನು ಬಿಟ್ಟು ಚಳಿಯ ಬಯಲಿಗೆ ಬಂದಿದ್ದೆವು. ಐದಾರು ಡಿಗ್ರಿ ಸೆಲ್ಸಿಯಸ್ ತಣ್ಣಗಾದರೆ ಸುಮಾರು ಒಂದು ಪಿಎಸ್ಐ ಇಳಿಯುತ್ತದೆ. ತುಂಬಿ ಹೊರಟೆವು.

ನಾಲ್ಕನೆಯ ಬೆಳಗ್ಗೆ ಮೂರು ಟೈರುಗಳು ಇದ್ದಲ್ಲೇ ಇದ್ದವು, ಹಿಂದಿನ ಎಡಗಡೆಯದು ಮಾತ್ರ 33. ಮೂತಿ ಬಿಚ್ಚುವಾಗ ಹೋಗಿರಬೇಕು ಎಂದು ಯಂತ್ರವನ್ನೇ ದೂರಿ 36 ಮಾಡಿದೆ. ಐದನೆಯ ಬೆಳಗ್ಗೆ 32. “ಅಮ್ಮಾ, ನಿನ್ನೆಯೂ ಇದೇ ಟೈರು” ಎಂದು ಮಗಳು ಪುಸ್ತಕವನ್ನು ತಿರುಗಿಸಿ ತೋರಿಸಿದಳು. ಸೋಪಿನ ನೀರನ್ನು ಟೈರಿನ ಮೇಲೆ ಸುರಿದು, ಕಾರನ್ನು ಗೇಣುಗೇಣಾಗಿ ಮುಂದೆ ಸರಿಸುತ್ತಾ ಹುಡುಕಿದೆವು. ಹೊರಗಿನ ಎರಡನೆಯ ಗೀರಿನೊಳಗೆ, ಸವೆದು ಬೆಳ್ಳಗಾದ ಮೊಳೆಯ ತಲೆ. ಅದರ ಸುತ್ತ ಸಾಸಿವೆಯಷ್ಟು ಗುಳ್ಳೆಗಳು ಒಂದರ ಹಿಂದೊಂದು ಹುಟ್ಟುತ್ತಿದ್ದವು. ಟ್ಯೂಬ್‌ಲೆಸ್ ಟೈರಿನಲ್ಲಿ ಮೊಳೆಯೇ ಬಿರಡೆಯಂತೆ ತೂತನ್ನು ಮುಚ್ಚಿಕೊಂಡಿರುತ್ತದೆ. ಅದನ್ನು ಕೀಳಲಿಲ್ಲ. ಮತ್ತೆ 36ಕ್ಕೆ ತುಂಬಿ, ನಿಧಾನವಾಗಿ ಪಂಕ್ಚರ್ ಅಂಗಡಿಯವರೆಗೆ ಹೋಗಿ ಹಾಕಿಸಿಕೊಂಡೆವು. ಮುಂದಿನ ಹಾದಿಯಲ್ಲಿ ಗಂಟೆಗಟ್ಟಲೆ ಒಂದು ಮನೆಯೂ ಇರಲಿಲ್ಲ. ನಮ್ಮ ಸ್ಟೆಪ್ನಿ ಡಿಕ್ಕಿಯ ತಳದಲ್ಲಿ, ಹೊಲಿಗೆ ಯಂತ್ರದ ಕೆಳಗಿತ್ತು.

ಆ ದಿನದಿಂದ ಈ ಯಂತ್ರದ ಮೇಲಿನ ಸಿಟ್ಟು ಕರಗಿತು. ಗಾಳಿ ತುಂಬುವುದರಲ್ಲಿ ಇದು ಸಾಧಾರಣ, ಆದರೆ ಇದನ್ನು ಕೊಂಡಿದ್ದರಿಂದಲೇ ದಿನಾ ಬೆಳಗ್ಗೆ ನಾಲ್ಕು ಅಂಕಿ ಬರೆದಿಡುವ ರೂಢಿ ಬಿತ್ತು. ನಾಲ್ಕೂ ಇಳಿದರೆ ಚಳಿ, ಒಂದೇ ಇಳಿದರೆ ತೂತು. ಅಂಕಿ ನಿಖರವಾಗಿರದಿದ್ದರೂ ದಿನವೂ ಒಂದೇ ತೆರನಾಗಿ ತಪ್ಪುವುದರಿಂದ ಹೋಲಿಕೆಗೆ ಅಡ್ಡಿಯಿಲ್ಲ. ಮೂತಿಯ ಕಾಟಕ್ಕೂ ದಾರಿ ಕಂಡುಕೊಂಡೆ: ಬೇಕಾದ್ದಕ್ಕಿಂತ ಒಂದೂವರೆ ಹೆಚ್ಚಿಗೆ ನಿಗದಿ ಮಾಡಿ ತುಂಬಿದರೆ ಬಿಚ್ಚಿದ ಮೇಲೆ ಸರಿಯಾಗಿ ಬಂದು ನಿಲ್ಲುತ್ತದೆ.

ಒಂದು ವರ್ಷದಲ್ಲಿ ಕೆಟ್ಟದ್ದು ಒಂದೇ ಸಲ. ಒಂದೇ ಸಾಕೆಟ್ಟಿನಲ್ಲಿ ಕವಲು ಪ್ಲಗ್ ಹಾಕಿ ಮೊಬೈಲ್ ಚಾರ್ಜರನ್ನೂ ಇದನ್ನೂ ಒಟ್ಟಿಗೆ ಓಡಿಸಿದೆ, ಫ್ಯೂಸ್ ಹೋಯಿತು. ಪ್ಲಗ್ಗಿನ ತುದಿಯನ್ನು ತಿರುಗಿಸಿ ತೆಗೆದರೆ ಒಳಗೆ ಗಾಜಿನ ಫ್ಯೂಸ್ ಇದೆ, ಬದಲಿಸುವುದು ಸುಲಭ. ಎಂಜಿನ್ ಚಾಲೂ ಇಟ್ಟು, ಇದೊಂದನ್ನೇ ಸಿಕ್ಕಿಸಿ, ಹತ್ತು ನಿಮಿಷ ಓಡಿಸಿದರೆ ಅಷ್ಟೇ ಹೊತ್ತು ವಿರಾಮ ಕೊಡಿ.

ಡಿಕ್ಕಿಯ ತಳಕ್ಕೆ ಮಾತ್ರ ಹಾಕಬೇಡಿ. ನಮ್ಮದು ಈಗಲೂ ಚಾಲಕರ ಆಸನದ ಕೆಳಗೇ ಇದೆ, ಕರವಸ್ತ್ರದ ಸಮೇತ. ಹೊಸ ಊರಿನಲ್ಲಿ ಎರಡು ವಾರಕ್ಕೊಮ್ಮೆ ಅಳೆದರೆ ಸಾಕಾಗುತ್ತದೆ. ಆದರೂ ಮಗಳು ಪ್ರತಿ ಭಾನುವಾರ ಬೆಳಗ್ಗೆ ನೋಟ್ ಪುಸ್ತಕ ಹಿಡಿದು ಕಾರಿನ ಪಕ್ಕ ನಿಂತಿರುತ್ತಾಳೆ. ವಾಲ್ವಿನ ಮುಚ್ಚಳಗಳು ಆಗಲೇ ಅವಳ ಜೇಬಿನಲ್ಲಿರುತ್ತವೆ.